ಚಿಗುಸಾಳ ಹಾಳೆಗೆ ಕೆಂಪು ಹೂವು

ಮೂವತ್ತು ವರ್ಷಗಳ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿ ಚಿಗುಸಾ ಜಪಾನಿನ ಯೊನಾಗೊ ಊರಿನ ನನ್ನ ಮನೆಗೆ ಬಂದಾಗ ನಾನು ದಿನಪತ್ರಿಕೆಯ ತಪ್ಪುಗಳನ್ನು ತಿದ್ದುತ್ತ ಕೂತಿದ್ದೆ. ನಿವೃತ್ತ ಸಾಹಿತ್ಯದ ಮೇಷ್ಟರಿಗೆ ಬೇರೇನು ಕೆಲಸ!

"ಏನ್ ಮೇಷ್ಟ್ರೇ, ಕೆಂಪು ಪೆನ್ನಿನ ಚಟ ಇನ್ನೂ ಬಿಟ್ಟಿಲ್ವಾ?"

ನಾನು ನಕ್ಕೆ, ಅವಳು ನಗಲಿಲ್ಲ. ಚೀಲದಿಂದ ಹಳೆಯ ಹಾಳೆಯೊಂದನ್ನು ತೆಗೆದು ಮುಂದಿಟ್ಟಳು.

"ಆ ಬಣ್ಣಗಾರನ ಕಾದಂಬರಿ ಇನ್ನೊಂದ್ಸಲ ಓದಿ. ಆಮೇಲೆ ಇದನ್ನ ಓದಿ. ನಾಳೆ ಬರ್ತೀನಿ. ಈ ಸಲನಾದ್ರೂ ಸರಿಯಾಗಿ ತಿದ್ದಿ."

ಬಟ್ಟೆಗೆ ಬಣ್ಣ ಹಾಕುವ ಮುದುಕನೊಬ್ಬ, ತಾನು ಸಾಕಿದ ಅನಾಥ ಹುಡುಗಿಯ ಮೇಲಿನ 'ಪ್ರೀತಿ'ಯನ್ನು ತಾನೇ ಹೇಳಿಕೊಳ್ಳುವ ಕಥೆ ಅದು. ಶಾಲೆಯಿಂದ ಅದನ್ನು ತೆಗೆಯಿರೆಂದು ಪೋಷಕರು ಗಲಾಟೆ ಮಾಡಿದಾಗ ಎದೆಯುಬ್ಬಿಸಿ ಅಡ್ಡ ನಿಂತವನು ನಾನು. ಆಹಾ, ಎಂಥ ಭಾಷೆ ಎಂದು ಕುಣಿದವನೂ ನಾನೇ. ಪ್ರತಿ ಬೇಸಿಗೆ ರಜೆಗೂ ಮಕ್ಕಳು ಅದನ್ನೇ ಓದಿ ಅನಿಸಿಕೆ ಬರೆದು ತರಬೇಕಿತ್ತು.

ಮತ್ತೆ ಓದಿದೆ. ಮುದುಕನ ಮಾತು ಅದೇ ಜೇನು. ಆದರೆ ಮುನ್ನೂರು ಪುಟಗಳಲ್ಲಿ ಆ ಹುಡುಗಿ ಆಡಿರುವುದು ಒಂದೇ ಮಾತು: "ಬಾಗಿಲು ತೆಗೀರಿ." ಅದನ್ನು ಅವನು ನಾಚಿಕೆ ಎಂದು ಕರೆದಿದ್ದಾನೆ. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿಕೊಟ್ಟಿದ್ದೆ. ಥೂ!

ಹಾಳೆಯಲ್ಲಿ ಹದಿನಾಲ್ಕು ವರ್ಷದ ಚಿಗುಸಾ ಬರೆದಿದ್ದಳು: "ಇವನು ಸುಳ್ಳುಗಾರ. ಅವಳಿಗೆ ಭಯ. ನನಗೆ ಗೊತ್ತು." ಕೆಳಗೆ ನನ್ನ ಕೆಂಪು ಅಕ್ಷರಗಳು: "ಆಳವಾಗಿ ಓದು. ಅವನ ಒಂಟಿತನಕ್ಕೆ ಮನಸ್ಸು ಕೊಡು. ತಿದ್ದಿ ಬರೆ." 'ನನಗೆ ಗೊತ್ತು' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಅನವಶ್ಯಕ' ಎಂದು ಬರೆದಿದ್ದೆ.

ಮರುದಿನ ಅವಳು ಬಂದಳು. ಅವಳ ಮುಖ ನೋಡಲಾಗಲಿಲ್ಲ.

"ನೀನು ಬರೆದಿದ್ದೇ ಸರಿ ಕಣಮ್ಮಾ. ನಾನೇ ಕುರುಡ," ಎಂದು ಪೆನ್ನು ತೆಗೆದೆ. ಒಳ್ಳೆಯ ಬರಹಕ್ಕೆ ನಾವು ಮೇಷ್ಟರುಗಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಸುತ್ತಲೂ ಎಸಳು ಬಿಡಿಸುತ್ತೇವೆ. ಆ ಹೂವನ್ನು ಈಗಲಾದರೂ ಅವಳಿಗೆ ಕೊಡಬೇಕಿತ್ತು.

ಅವಳು ನನ್ನ ಕೈ ಹಿಡಿದಳು.

"ಬೇಡ ಮೇಷ್ಟ್ರೇ. ಹೂವು ಆಗ್ಲೇ ಕೊಟ್ಟಿದ್ರಲ್ಲ, ನೀವು ಹೇಳಿದ ಹಾಗೆ ತಿದ್ದಿ ಬರೆದಿದ್ದಕ್ಕೆ."

"ಅದೆಲ್ಲಿದೆ?"

"ನನ್ನ ಸಾಕಿದ ಚಿಕ್ಕಪ್ಪ ಅದನ್ನ ಗೋಡೆಗೆ ಅಂಟಿಸಿದ್ರು. ದಿನಾ ತೋರಿಸೋರು. 'ನೋಡು, ನಿಮ್ಮ ಮೇಷ್ಟ್ರಿಗೂ ಅರ್ಥ ಆಗಿದೆ' ಅನ್ನೋರು."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಅವಳು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"'ನನಗೆ ಗೊತ್ತು' ಅಂತ ನಾನು ಹೇಳಿದ್ದು ನಿಮಗೊಬ್ರಿಗೇ ಮೇಷ್ಟ್ರೇ. ಆಮೇಲೆ ಯಾರಿಗೂ ಹೇಳ್ಲಿಲ್ಲ."