ಕಂಪ್ಯೂಟರ್ ಕೋಣೆಯಲ್ಲಿ ತಾಳಿಕೋಟೆ ಕದನ

ಮುದ್ದೇಬಿಹಾಳದ ಒಂದು ಹೈಸ್ಕೂಲಿಗೆ ಎರಡು ಸಾವಿರದ ಮೂರರಲ್ಲಿ ಕಂಪ್ಯೂಟರ್ ಬಂದವು. ಇತಿಹಾಸದ ಬಸಂತರಾಯ ಮಾಸ್ತರರಿಗೆ ಮೊದಲು ಸಿಟ್ಟು ಬಂದದ್ದು ಚಪ್ಪಲಿಯ ವಿಷಯಕ್ಕೆ. ಕಂಪ್ಯೂಟರ್ ಕೋಣೆಗೆ ಎಲ್ಲರೂ ಚಪ್ಪಲಿ ಕಳಚಿಟ್ಟು ಹೋಗಬೇಕಿತ್ತು. ಅವರ ಪಾಠಕ್ಕೆ ಅಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಒಂಬತ್ತನೇ ತರಗತಿಯ ಭಾಗ್ಯಾ ಊಟದ ಬಿಡುವಿನಲ್ಲಿ ಅಲ್ಲೇ ಇರುತ್ತಿದ್ದಳು. ಮಾತು ಉಗ್ಗುವ ಹುಡುಗಿ. ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಿದ್ದಳು. ಅಂಥವಳು ಒಂದು ದಿನ ತಾಳಿಕೋಟೆ ಕದನದ ಬಗ್ಗೆ ಕೇಳಿದಾಗ ಒಂದೆರಡು ಕಡೆ ಮಾತ್ರ ತಡವರಿಸಿ ಇಡೀ ಉತ್ತರ ಒಪ್ಪಿಸಿಬಿಟ್ಟಳು. ಹುಡುಗಿಯರು ಚಪ್ಪಾಳೆ ಹೊಡೆದರು. ಮಾಸ್ತರರಿಗೆ ಸಂಶಯ ಬಂತು.

ಕಂಪ್ಯೂಟರ್ ಕಲಿಸುವ ಸಂಜೀವಕುಮಾರನನ್ನು ಸ್ಟಾಫ್ ರೂಮಿನಲ್ಲಿ ಹಿಡಿದರು.

"ನಿಮ್ಮ ಡಬ್ಬಿಯೊಳಗಿನ ಉತ್ತರ ಬಾಯಿಪಾಠ ಮಾಡಸಾಕತ್ತೀರೇನ್ರಿ?"

"ಇಲ್ರಿ ಸರ್. ಅದರಾಗ ಇತಿಹಾಸದ್ದು ಏನೂ ಇಲ್ರಿ."

"ಮತ್ತ ಆಕಿ ದಿನಾ ಅಲ್ಲಿ ಮಾಡೂದೇನು?"

ಅವನು ಮುಖ ತಗ್ಗಿಸಿದ. "ಯಾರಿಗೂ ಹೇಳಬ್ಯಾಡ್ರಿ ಅಂದಾಳ್ರಿ."

ಇನ್ನೇನು ಬೇಕು? ಮರುದಿನ ಊಟದ ಬಿಡುವಿನಲ್ಲಿ ಮಾಸ್ತರರು ಸದ್ದಿಲ್ಲದೆ ಹೋಗಿ ಆ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಭಾಗ್ಯಾ ಬಾಯಿ ಮುಚ್ಚಿ ಕೂತಿದ್ದಳು, ಆದರೆ ಅವಳ ದನಿ ಕೇಳುತ್ತಿತ್ತು. ಅವಳು ಮೊದಲೇ ತುಂಬಿಸಿಟ್ಟ ದನಿಯಲ್ಲಿ ಯಂತ್ರ ಮಾತಾಡುತ್ತಿತ್ತು. "ವಿಜಯನಗರ" ಎಂಬಲ್ಲಿ ದನಿ ಮುಗ್ಗರಿಸಿತು. ಅವಳು ಅದನ್ನು ನಿಲ್ಲಿಸಿ, ಮೈಕಿಗೆ ಬಾಗಿ, ಆ ಮಾತನ್ನು ಮತ್ತೆ ಮತ್ತೆ ಹೇಳಿ ತುಂಬಿಸಿದಳು.

ಮಾಸ್ತರರು ಕಿವಿಗೊಟ್ಟರು. ಅಂದು ತರಗತಿಯಲ್ಲಿ ಸಂಶಯದ ಭರಕ್ಕೆ ಗಮನಿಸಿರಲಿಲ್ಲ, ಒಂದೊಂದು ವಾಕ್ಯವೂ ಅವರದೇ. ಪ್ರತಿ ಮಾತಿನ ಕೊನೆಗೆ ಅವರು ಸೇರಿಸುವ "ತಿಳೀತಿಲ್ಲೋ?" ಕೂಡ ಇತ್ತು.

ಮೊದಲು ಹಿಗ್ಗಾಯಿತು. ಆಮೇಲೆ ಕಸಿವಿಸಿಯಾಯಿತು. ಯಂತ್ರದ ಗಿಳಿಪಾಠವೆಂದು ಹಿಡಿಯಬಂದರೆ ಅದು ತಮ್ಮದೇ ಗಿಳಿಪಾಠ. ಇಷ್ಟು ವರ್ಷ ತಮ್ಮ ಮುಂದೆ ಕೂತ ಮಕ್ಕಳಲ್ಲಿ ಒಬ್ಬರಾದರೂ ಸ್ವಂತದ ಮಾತು ಆಡಿದ್ದರೇ? ಅವರಿಗೆ ಈಗ ತಮ್ಮ ಪಾಠದ ಮೇಲೆಯೇ ಸಂಶಯ ಬಂತು.

ಅವರನ್ನು ಕಂಡ ಭಾಗ್ಯಾ ಗಾಬರಿಯಿಂದ ಎದ್ದಳು.

"ಕುಂದ್ರವ್ವಾ. ನಾ ಹೇಳಿದ್ದು ಬ್ಯಾಡ. ಆ ಲಡಾಯಿ ಬಗ್ಗೆ ನಿನಗೇನು ಅನ್ನಸ್ತೈತಿ, ಅದನ್ನ ಹೇಳು."

ಅವಳು ಮೈಕನ್ನು ಬದಿಗೆ ಸರಿಸಿದಳು. "ತ... ತಂಗಡಗಿ ನಮ್ಮವ್ವನ ತವರಮನಿರಿ. ಅಲ್ಲೇ ಹತ್ರ ಲಡಾಯಿ ಆತು, ಜನವರಿಯೊಳಗ ಅಂತ ಹೇಳಿದ್ರಿ. ಜನವರಿ ಅಂದ್ರ ಬಿಳಿಜ್ವಾಳ ಎದಿಮಟ ನಿಂತಿರ್ತೈತ್ರಿ. ಅಷ್ಟು ದಂಡು ಬಂತಲ್ರಿ, ಆ ಹೊಲದ ಮಂದಿ ಎ... ಎಲ್ಲಿ ಹೋದ್ರು?"

"ಗೊತ್ತಿಲ್ಲವ್ವಾ," ಅಂದರು ಮಾಸ್ತರರು. "ಇದನ್ನ ನಾಳಿ ಕ್ಲಾಸಿನ್ಯಾಗ ಕೇಳು."

"ಎಲ್ಲಾರ ಮುಂದ ನಾಲಿಗಿ ತಡೀತೈತ್ರಿ."

"ತಡೀಲಿ. ನಾವು ಕಾಯ್ತೇವಿ."

ಮರುದಿನ ಅವಳು ಕೇಳಿದಳು. ಹೆಚ್ಚೇ ಉಗ್ಗಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರರು ಆ ಕಡೆ ತಿರುಗಿ ನೋಡಿದರು, ಸದ್ದಡಗಿತು. ಪ್ರಶ್ನೆ ಮುಗಿದದ್ದೇ ತಡ, ಮಂದಿ ಹೊಳೆ ದಾಟಿ ಓಡಿರಬೇಕೆಂದು ಒಬ್ಬ, ಹಸಿ ತೆನೆಯನ್ನೇ ಕೊಯ್ದುಕೊಂಡು ಹೋಗಿರಬೇಕೆಂದು ಇನ್ನೊಬ್ಬಳು, ಗಂಟೆ ಹೊಡೆಯುವವರೆಗೂ ಜಗಳವಾಡಿದರು.

ಸಂಜೆ ಮಾಸ್ತರರು ಸಂಜೀವಕುಮಾರನಿಗೆ ಹೇಳಿದರು: "ನಿಮ್ಮ ಡಬ್ಬಿ ಮ್ಯಾಲ ನನಗ ಇನ್ನೂ ನಂಬಿಕಿ ಇಲ್ರಿ. ಆದ್ರ ಆಕಿ ಬಂದ್ರ ಬಾಗಿಲಾ ತೆಗೀರಿ."