ಕೌದಿಯ ನಾಲ್ಕನೇ ಮೂಲೆ

ನಾನು ಬಾಯಿ ಜೋರಿನ ಹೆಂಗಸು. ಚಿನಕುರಳಿಯಲ್ಲಿ ಹದಿನೆಂಟು ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದೇನೆ. ಅಳತೆ ತಪ್ಪಿದರೆ ಗಿರಾಕಿಯೇ ದಪ್ಪಗಾಗಿದ್ದಾಳೆ ಎಂದು ಸಾಧಿಸಿಬಿಡುವವಳು. ಅಂಥ ಪ್ರಮೀಳಾ ಈಗ ಸ್ವಂತ ತಂಗಿಯ ನಂಬರು ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡುತ್ತಾಳೆ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಮಾಡಿದ ಕೆಲಸ ಅಂಥದ್ದು.

ಕೊರೊನಾ ಬಂದು ಯುಗಾದಿಗೇ ಎಲ್ಲರ ಬಾಗಿಲು ಮುಚ್ಚಿಸಿದ ವರ್ಷ ಅದು. ಊರ ದಾರಿಗೆ ಜಾಲಿಮುಳ್ಳು ಎಳೆದಿದ್ದರು. ಹೊಲಿಸಲು ಬರುವವರಿಲ್ಲ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ, ಉಳಿದ ಲೈನಿಂಗ್ ಬಟ್ಟೆಯಲ್ಲಿ ಮಾಸ್ಕು ಹೊಲಿದು ಬೀದಿಗೆಲ್ಲ ಹಂಚಿದೆ. ಎಲಾಸ್ಟಿಕ್ ಸಿಗದೆ ಲಂಗದ ಲಾಡಿ ಕತ್ತರಿಸಿ ಹಚ್ಚಿದೆ. ಹಿತ್ತಲು ಅಗೆದು ಬೆಂಡೆ, ಬದನೆ, ಬೀನ್ಸು ಹಾಕಿದೆ. ಮೂರೇ ದಿನಕ್ಕೆ ಪಕ್ಕದ ಮನೆ ಮಂಚಮ್ಮನ ಕೋಳಿಗಳು ಎಲ್ಲವನ್ನೂ ಕೆದಕಿ ತಿಂದವು. ಕೋಳಿಗಳಿಗೂ ಒಂದೊಂದು ಮಾಸ್ಕು ಹೊಲಿ ಎಂದು ಮಂಚಮ್ಮ ನಕ್ಕಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಮಗಳು ರಂಜಿತ ಬಸುರಿ, ನಮ್ಮ ಮನೆಯಲ್ಲೇ ಇದ್ದಳು. ನನ್ನ ಶುಚಿಯೆಲ್ಲ ಅವಳಿಗಾಗಿ. ಹಾಲಿನ ಪ್ಯಾಕೆಟ್ಟನ್ನೂ ಸೋಪು ಹಾಕಿ ತೊಳೆಯುತ್ತಿದ್ದೆ.

ಮೇ ತಿಂಗಳಲ್ಲಿ ತಂಗಿ ಕವಿತ ಮುಂಬೈಯಿಂದ ಬಂದಳು. ಅವಳ ಗಂಡ ಕೆಲಸಕ್ಕಿದ್ದ ಹೋಟೆಲು ಮುಚ್ಚಿಹೋಗಿತ್ತು. ಇಬ್ಬರನ್ನೂ ಕೆ.ಆರ್. ಪೇಟೆಯ ಹಾಸ್ಟೆಲಿನಲ್ಲಿ ಹದಿನಾಲ್ಕು ದಿನ ಇಟ್ಟು, ಕೈಗೆ ಸೀಲು ಹಾಕಿ, ಗೋವಿಂದನಹಳ್ಳಿಯ ನಮ್ಮ ತವರುಮನೆಗೆ ಬಿಟ್ಟರು. ಅವ್ವ ಹಿಂದಿನ ವರ್ಷವೇ ತೀರಿಕೊಂಡಿದ್ದಳು, ಮನೆ ಖಾಲಿ ಇತ್ತು. ರೋಗವಿಲ್ಲ ಎಂದು ವರದಿ ಬಂದರೂ ಬೀದಿಯವರು ಕವಿತಳನ್ನು ನಲ್ಲಿಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲವಂತೆ. ಫೋನಿನಲ್ಲಿ ಅತ್ತಳು. ನಾನು ಅಲ್ಲಿದ್ದಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ ಎಂದು ಇಲ್ಲಿಂದಲೇ ಕೂಗಾಡಿದೆ. ಎರಡು ಮಾಸ್ಕು ಹೊಲಿದು ಕಳಿಸಿದೆ. ಅಷ್ಟಕ್ಕೇ ದೊಡ್ಡ ಅಕ್ಕನಾಗಿಬಿಟ್ಟೆ ಅಂದುಕೊಂಡೆ.

ಜೂನ್ ಕೊನೆಗೆ ಹಾಲಿನ ಟೆಂಪೋ ಓಡಿಸುವ ಶಂಕರ್ ಒಂದು ಗಂಟು ತಂದು ಜಗಲಿಯ ಮೇಲಿಟ್ಟು ಹೋದ. ಕವಿತ ಕಳಿಸಿದ್ದು. ಬಿಚ್ಚಿದರೆ ಕೌದಿ. ಅವ್ವನ ಹಳೆ ಹತ್ತಿ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ಕೈಯಲ್ಲೇ ದಾರ ಎಳೆದಿದ್ದಳು, ಹುಟ್ಟುವ ಮಗುವಿಗೆಂದು. ಎಲ್ಲಕ್ಕಿಂತ ಮೇಲೆ ಅವ್ವನ ನೀಲಿ ಚೌಕಳಿ ಸೀರೆ. ನಮ್ಮ ಮನೆಯಲ್ಲಿ ಮಗುವಿನ ಕೌದಿಯನ್ನು ಬರಿದಾಗಿ ಕೊಡುವುದಿಲ್ಲ. ನಾಲ್ಕನೇ ಮೂಲೆ ಮುಚ್ಚುವ ಮುಂಚೆ ಒಂದಿಷ್ಟು ಬೀಜ ಇಟ್ಟು ಹೊಲಿಯುತ್ತಾರೆ. ಮಗು ಹುಟ್ಟಿ ತಿಂಗಳು ತುಂಬಿದ ಮೇಲೆ ಆ ಮೂಲೆ ಬಿಚ್ಚಿ, ಬಚ್ಚಲ ನೀರು ಹರಿಯುವ ಕಡೆ ಬಿತ್ತಬೇಕು. ನಮ್ಮಿಬ್ಬರ ಕೌದಿಗೂ ಅವ್ವ ಹಾಗೇ ಮಾಡಿದ್ದಳು. ಆದರೆ ಆ ಹೊತ್ತು ನನ್ನ ಕಣ್ಣಿಗೆ ಕಂಡದ್ದು ಮುಂಬೈ ಒಂದೇ.

ಕೋಲಿನ ತುದಿಯಲ್ಲಿ ಎತ್ತಿಕೊಂಡು ಹೋಗಿ ಹಿತ್ತಲ ತಿಪ್ಪೆಗೆ ಎಸೆದೆ. ಯಾರಿಗೂ ಕಾಣದಿರಲಿ ಎಂದು ಮೇಲೆ ಎರಡು ಮಂಕರಿ ಸಗಣಿ ಸುರಿದೆ. ಆಮೇಲೆ ತಲೆಗೆ ಸ್ನಾನ ಮಾಡಿದೆ.

ಸಂಜೆ ಕವಿತ ಫೋನು ಮಾಡಿದಾಗ ಬಹಳ ಚೆನ್ನಾಗಿದೆ ಎಂದೆ. ಜುಲೈಯಲ್ಲಿ ರಂಜಿತಳಿಗೆ ಗಂಡುಮಗು ಆಯಿತು. ಕವಿತ ಮತ್ತೆ ಕೌದಿಯ ವಿಚಾರ ಕೇಳಿದಳು. "ಅದ್ರ ಮೇಲೇ ಬೆಚ್ಚಗೆ ಮಲ್ಗವ್ನೆ ಕಣೆ," ಎಂದೆ. ನಾಲಿಗೆ ಒಂದು ಚೂರೂ ತಡವರಿಸಲಿಲ್ಲ.

ಮಳೆ ಹಿಡಿದ ಮೇಲೆ ತಿಪ್ಪೆಯಲ್ಲಿ ಕುಂಬಳದ ಬಳ್ಳಿ ಎದ್ದಿತು. ತಿಪ್ಪೆಯಲ್ಲಿ ಕುಂಬಳ ಹುಟ್ಟುವುದು ಏನು ಹೊಸದೇ? ಎಸೆದ ತಿರುಳಿನಿಂದ ಎಲ್ಲರ ಮನೆಯಲ್ಲೂ ಹುಟ್ಟುತ್ತದೆ. ಕೋಳಿಗಳು ಉಳಿಸಿದ ಒಂದೇ ಗಿಡ, ನನ್ನ ಕೈಗುಣ ಎಂದು ಮಂಚಮ್ಮನ ಎದುರು ಜಂಬ ಕೊಚ್ಚಿದೆ. ಎಂಟು ಕಾಯಿ ಬಿಟ್ಟವು. ಎಲೆಯ ಮೇಲಿಂದಲೇ ಕೊಯ್ದುಕೊಳ್ಳುತ್ತಿದ್ದೆ, ಬುಡದ ಕಡೆ ನೋಡುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಕವಿತ ಬಸ್ಸಿನಲ್ಲಿ ಬಂದಳು. ನಾನು ಕಳಿಸಿದ್ದ ಮಾಸ್ಕನ್ನೇ ಹಾಕಿಕೊಂಡಿದ್ದಳು. ಹೇಳುವ ಮೊದಲೇ ಸೋಪು ಹಾಕಿ ಕೈಕಾಲು ತೊಳೆದಳು. ಮಾಸ್ಕನ್ನು ಗಲ್ಲಕ್ಕಿಳಿಸಿ ಮಗುವನ್ನು ಎತ್ತಿಕೊಂಡು, ಥೇಟು ಅವ್ವನ ಮೂಗು ಎಂದಳು. ಕೌದಿ ಎಲ್ಲಿ ಎಂದು ಕೇಳಿದಳು. ಒಗೆಯಲು ನೆನೆಹಾಕಿದ್ದೇನೆ ಎಂದೆ. ಯಾವ ಕೌದಿ ಎನ್ನುವಂತೆ ರಂಜಿತ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಕವಿತ ಅಡುಗೆಮನೆಯ ಮೂಲೆಯಲ್ಲಿದ್ದ ಕುಂಬಳಕಾಯಿ ಕಂಡಳು. ಆಳವಾದ ಗೆರೆಗಳ, ಬೂದುಹಸಿರು ಕಾಯಿ.

"ಅವ್ವುನ್ ಕುಂಬ್ಳ ಅಲ್ವೇನಕ್ಕ ಇದು? ಮೂಲೆ ಬಿಚ್ಚಿ ಆಕ್ದೆ ಅನ್ನು."

ನನಗೆ ಆಗ ಹೊಳೆಯಿತು. ಹೂಂ ಎಂದೆ. ಎಲ್ಲಿ ಹಾಕಿದ್ದೀಯ ತೋರಿಸು ಎಂದು ಮಗುವನ್ನು ಎತ್ತಿಕೊಂಡೇ ಹಿತ್ತಲಿಗೆ ನಡೆದಳು. ಬಿಸಿಲು, ಮಗುವಿಗೆ ಆಗುವುದಿಲ್ಲ ಎಂದು ಅಡ್ಡ ನಿಂತೆ. ಖುಷಿಯಲ್ಲಿದ್ದಳು, ಕೇಳಲಿಲ್ಲ. ರಂಜಿತಳೂ ಹಿಂದೆ ಬಂದಳು.

ಮಳೆಗೆ ಸಗಣಿ ಕರಗಿ ಇಳಿದಿತ್ತು. ಕವಿತ ಬಗ್ಗಿ ಎಲೆ ಸರಿಸಿದಳು. ನೀಲಿ ಚೌಕಳಿ, ಅರ್ಧ ಕೊಳೆತದ್ದು. ಬಳ್ಳಿ ಅದರ ಮೂಲೆಯ ಹೊಲಿಗೆ ಹರಿದುಕೊಂಡು ಮೇಲೆ ಬಂದಿತ್ತು.

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ತಿರುಗಿಸಿ ಕೊಡುವುದು ನನಗೆ ಗೊತ್ತು. ಅವಳು ಸರಿಸಿದ ಎಲೆಯನ್ನು ಮತ್ತೆ ಅದರ ಮೇಲೆ ಮುಚ್ಚಿದಳು.

"ಒಲಿಯೋಕ್ ಮುಂಚೆ ಒಂದೊಂದ್ ಸೀರೇನೂ ಕುದಿಯೋ ನೀರಲ್ಲಿ ಅದ್ದಿದ್ದೆ ಕಣಕ್ಕ," ಎಂದಳು. "ಒಲಿಯೋವಾಗ್ಲೂ ಮಾಸ್ಕ್ ಆಕಿದ್ದೆ."

ಮಗುವನ್ನು ರಂಜಿತಳ ತೋಳಿಗೆ ಕೊಟ್ಟಳು. ಗಲ್ಲದಲ್ಲಿದ್ದ ಮಾಸ್ಕನ್ನು ಮೂಗಿನವರೆಗೆ ಎಳೆದುಕೊಂಡು, ಲಾಡಿ ಬಿಗಿ ಮಾಡಿದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ನಲ್ಲಿಯ ಹತ್ತಿರ ಅವಳನ್ನು ತಡೆದ ಹೆಂಗಸರಾದರೂ ಎದುರಿಗೆ ನಿಂತು ತಡೆದಿದ್ದರು.

"ತಪ್ಪಾಯ್ತು ಕಣೆ. ಎತ್ಕೊ ಮಗೀನ," ಎಂದೆ. ತಪ್ಪಾಯಿತು ಎಂಬ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

"ಬ್ಯಾಡ ಬುಡಕ್ಕ. ನಿಂಗೆ ಭಯ ಆಯ್ತದೆ."

ಸಿಟ್ಟಿನಲ್ಲಿ ಅಂದದ್ದಲ್ಲ, ನನ್ನ ಮೇಲಿನ ಕನಿಕರದಲ್ಲೇ ಅಂದಳು. ಉಣ್ಣದೆ ಹೋಗಲೂ ಇಲ್ಲ. ಜಗಲಿಯಲ್ಲಿ ಕೂತು ಕುಂಬಳಕಾಯಿ ಪಲ್ಯ ಹಾಕಿಸಿಕೊಂಡು ಉಂಡು, ತಟ್ಟೆಯನ್ನು ತಾನೇ ತೊಳೆದು ಬಾಗಿಲ ಹೊರಗೆ ಬೋರಲಿಟ್ಟಳು. ಒಳಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ.