ಏಳನೇ ಪುಟ

ಶಾಲಿನ ಒಂದು ಅಂಚು ಪಿಳ್ಳಣ್ಣನ ಕೈಯಲ್ಲಿತ್ತು, ಇನ್ನೊಂದು ಅಂಚು ಸರಸ್ವತಿಯ ಮುಷ್ಟಿಯಲ್ಲಿತ್ತು. ನಡುವೆ, ಜಗಲಿಯ ಚಾಪೆಯ ಮೇಲೆ, ಗಂಗಾಧರಯ್ಯನವರ ಹೆಣ.

"ಬಿಡಮ್ಮ, ಹೊದಿಸ್ತೀನಿ. ನಮ್ಮ ಹಿರಿಯರು ಕಣಮ್ಮ ಅವರು."

"ಬೇಡಿ ಸಾರ್."

"ಗೌರವ ಇದು. ಬೇಡ ಅನ್ನಬಾರದು."

"ಅಂಚಿನ ತುಂಬ ನಿಮ್ಮ ಪಾರ್ಟಿ ಬಣ್ಣ ಇದೆ. ಅಪ್ಪ ಬದುಕಿದ್ದಾಗ ಯಾವ ಬಣ್ಣಾನೂ ಹೊದ್ಕೊಂಡೋರಲ್ಲ. ಈಗ ಬೇಡ ಅನ್ನೋಕೆ ಅವರಿಗೆ ಬಾಯಿಲ್ಲ, ನನಗಿದೆ."

ಗೇಟಿನ ಹತ್ತಿರ ಕ್ಯಾಮೆರಾ ಹಿಡಿದು ನಿಂತಿದ್ದವನು ಒಂದು ಹೆಜ್ಜೆ ಮುಂದಿಟ್ಟ. ಅವಳ ಮುಖ ನೋಡಿ ಅದನ್ನು ಹಿಂದಕ್ಕೆ ತೆಗೆದುಕೊಂಡ. ಪಿಳ್ಳಣ್ಣ ಶಾಲು ಮಡಿಸಿ ತನ್ನ ಹುಡುಗರ ಕೈಗೆ ಕೊಟ್ಟು, ಹೂವಿನ ಹಾರವನ್ನಷ್ಟೇ ಕಾಲ ಬಳಿ ಇಟ್ಟು ಕೈಮುಗಿದ.

ಮಧ್ಯಂತರ ಚುನಾವಣೆಗೆ ಇನ್ನು ಹದಿನೆಂಟು ದಿನ ಉಳಿದಿತ್ತು. ತಿಲಕ್ ನಗರದ ಆ ಬೀದಿಯ ಕಾಂಪೌಂಡುಗಳ ಮೇಲೆಲ್ಲ ಪಿಳ್ಳಣ್ಣನ ಹೆಸರು ಸುಣ್ಣದ ಮೇಲೆ ಕೆಮ್ಮಣ್ಣಿನಲ್ಲಿ ಬರೆಸಿಕೊಂಡು ಕೂತಿತ್ತು. ಎರಡು ಸಲ ಗೆದ್ದು ವಿಧಾನಸೌಧಕ್ಕೆ ಹೋಗಿದ್ದವನು ಕಳೆದ ಸಲ ಸೋತಿದ್ದ. ಸೋತ ಮೇಲೆ ಎರಡು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಸಾವಿನ ಸುದ್ದಿ ಅಕ್ಕಪಕ್ಕದವರಿಗೆ ಮುಟ್ಟುವ ಮುಂಚೆಯೇ ಅವನ ಕಾರು ಬಂದು ನಿಂತಿತ್ತು. ಯಾಕೆ ಬಂದ? ಬೆಳಗಿನಿಂದ ಸರಸ್ವತಿಯ ತಲೆಯಲ್ಲಿ ಅಪ್ಪ ಸತ್ತ ಸಂಕಟಕ್ಕೂ ಜಾಗ ಕೊಡದೆ ಈ ಒಂದು ಪ್ರಶ್ನೆಯೇ ತಿರುಗುತ್ತಿತ್ತು.

ಸಂಶಯ ಅವಳಿಗೆ ಅಪ್ಪನಿಂದಲೇ ಬಂದ ಆಸ್ತಿ. ಗಂಗಾಧರಯ್ಯನವರು ರೇಡಿಯೋದಲ್ಲಿ ಕೇಳಿದ್ದನ್ನು ಪತ್ರಿಕೆಯಲ್ಲಿ ಓದುವವರೆಗೆ ನಂಬುತ್ತಿರಲಿಲ್ಲ. ಪತ್ರಿಕೆಯಲ್ಲಿ ಓದಿದ್ದನ್ನು ಸದನದಲ್ಲಿ ತಾವೇ ಕೂತು ಕೇಳುವವರೆಗೆ ನಂಬುತ್ತಿರಲಿಲ್ಲ. ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸುವ ಕೆಲಸ ಅವರದು. ಅಧಿವೇಶನ ಇದ್ದಾಗಲೆಲ್ಲ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡು, ಹಗಲು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂರುತ್ತಿದ್ದರು. ಅಲ್ಲಿ ಪೆನ್ನು ತೆಗೆಯುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಪಕ್ಕದವರ ಜೊತೆ ಪಿಸುಗುಟ್ಟುವಂತಿಲ್ಲ. ಎಲ್ಲವನ್ನೂ ತಲೆಯಲ್ಲಿ ಹೊತ್ತು ತಂದು, ಗೆಳೆಯ ಚಕ್ರಪಾಣಿಯವರ ವಾರಪತ್ರಿಕೆಗೆ 'ಗ್ಯಾಲರಿಯಿಂದ' ಎಂಬ ಅಂಕಣ ಬರೆಯುತ್ತಿದ್ದರು. ಸರ್ಕಾರಿ ನೌಕರನಾದ್ದರಿಂದ ಹೆಸರು ಹಾಕಿಕೊಳ್ಳುತ್ತಿರಲಿಲ್ಲ. 'ಊಟದ ಬಿಡುವಿಗೆ ಮುಂಚೆ ಹನ್ನೊಂದು ಮಸೂದೆ ಪಾಸಾದವು. ನಮ್ಮ ಮನೆಯಲ್ಲಿ ಹನ್ನೊಂದು ಜನಕ್ಕೆ ಎಲೆ ಹಾಕಲಿಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ' ಎಂಬಂಥ ಮಾತುಗಳನ್ನು ಓದಿ ಜಯನಗರದ ರಿಟೈರಾದವರೆಲ್ಲ ಮೆಚ್ಚಿಕೊಳ್ಳುತ್ತಿದ್ದರು. ಎಡಪಂಥದವರು ಅವರನ್ನು ಹಳೇ ಕಾಲದ ಗೊಡ್ಡು ಎನ್ನುತ್ತಿದ್ದರು. ಇರುವ ಕಾಯ್ದೆಯನ್ನು ನೆಟ್ಟಗೆ ನಡೆಸಿ, ಹೊಸದು ಆಮೇಲೆ ತನ್ನಿ. ಸರ್ಕಾರ ಕೊಡುತ್ತೇನೆ ಎಂದಾಗ ಯಾರದ್ದನ್ನು ತೆಗೆದು ಕೊಡುತ್ತೀರಿ ಎಂದು ಕೇಳಿ: ಇಪ್ಪತ್ತು ವರ್ಷ ಅವರು ಬರೆದದ್ದು ಹೆಚ್ಚುಕಡಿಮೆ ಇಷ್ಟೇ.

ಅದಕ್ಕೆ ಕಾರಣವೂ ಇತ್ತು. ತಾವರೆಕೆರೆಯ ಆಚೆ ಅವರಪ್ಪನ ರಾಗಿ ಹೊಲ ಬಡಾವಣೆಗೆ ಹೋಯಿತು. ಬಡಾವಣೆ ಬೇಡ ಎಂದು ಅವರೇನೂ ಹೇಳಲಿಲ್ಲ. ಆದರೆ ನೋಟಿಸು ಬಂದ ದಿನ ಹೊಲಕ್ಕೆ ಹೋಗಿ ನೋಡಿದರೆ ಅಳತೆ ಕಲ್ಲು ನೆಟ್ಟು ಆಗಲೇ ತಿಂಗಳಾಗಿತ್ತು. ಹಿರಿಯರನ್ನು ಮಣ್ಣು ಮಾಡಿದ್ದ ಜಾಗವೂ ಅದರಲ್ಲೇ ಹೋಯಿತು. ಹಾಗಾಗಿಯೇ ಇವತ್ತು ಅವರನ್ನು ಬನಶಂಕರಿಯ ಸ್ಮಶಾನಕ್ಕೆ ಒಯ್ಯಬೇಕಿತ್ತು.

* * *

ಹನ್ನೆರಡು ವರ್ಷದ ಹಿಂದೆ, ಸರಸ್ವತಿ ಪಿಯುಸಿ ಓದುತ್ತಿದ್ದಾಗ, ಒಂದು ಸಂಜೆ ಚಕ್ರಪಾಣಿ ಅಪ್ಪನನ್ನು ಆಟೋದಲ್ಲಿ ಕರೆತಂದರು. ಅಂಗಿಯ ಎರಡು ಗುಂಡಿ ಕಿತ್ತಿದ್ದವು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

"ಏನಾಯ್ತಪ್ಪ?"

"ಏನಿಲ್ಲ. ಜೋರಾಗಿ ಮಾತಾಡಿದೆ."

ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಭೂಸ್ವಾಧೀನದ ಮಸೂದೆ ಚರ್ಚೆಯಲ್ಲಿದ್ದಾಗ ಗ್ಯಾಲರಿಯಿಂದ ಒಬ್ಬ ಕೂಗಿದ, ಮಾರ್ಷಲ್‌ಗಳು ಹೊತ್ತು ಹೊರಗೆ ಒಯ್ದರು, ಸದನ ಮುಗಿಯುವವರೆಗೆ ಕೂಡಿಹಾಕಿ ಬಿಟ್ಟರು. ಏನು ಕೂಗಿದ ಎಂದು ಬರೆದಿರಲಿಲ್ಲ. ಬೀದಿಯಲ್ಲಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಸರ್ಕಾರಕ್ಕೆ ಧಿಕ್ಕಾರ ಅಂದರಂತೆ ಎಂದರು ಕೆಲವರು. ನಮ್ಮ ಶಾಸಕ ಪಿಳ್ಳಣ್ಣನೇ ಗಲಾಟೆ ಮಾಡಲಿಕ್ಕೆ ಕೂರಿಸಿದ್ದನಂತೆ ಎಂದರು ಎದುರುಮನೆಯ ಅಕ್ಕಯಮ್ಮ. ಇಲಾಖೆಯಿಂದ ಮೆಮೊ ಬಂತು, ಬರಬೇಕಾಗಿದ್ದ ಬಡ್ತಿ ನಿಂತಿತು. ಸರಸ್ವತಿಯನ್ನು ನೋಡಿ ಒಪ್ಪಿಹೋಗಿದ್ದ ಕನಕಪುರದ ಕಡೆಯವರು, ಈ ವರ್ಷ ಹುಡುಗನಿಗೆ ಮದುವೆ ಯೋಗ ಇಲ್ಲವಂತೆ ಎಂದು ಹೇಳಿಕಳಿಸಿ, ಮುಂದಿನ ತಿಂಗಳೇ ಬೇರೆ ಕಡೆ ಲಗ್ನ ಮಾಡಿದರು.

ಅಪ್ಪ ಏನು ಕೂಗಿದರೆಂದು ಅವಳು ಒಂದೇ ಒಂದು ಸಲ ಕೇಳಿದ್ದಳು. ಅವರು ಎದ್ದು ಹೊರಗೆ ಹೋದರು. ಆದರೆ ಅದೇ ಭಾನುವಾರ ಪಿಳ್ಳಣ್ಣ ಹಿತ್ತಲ ಬಾಗಿಲಿಂದ ಬಂದ. ಅವನೂ ಅಪ್ಪನೂ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಅದಕ್ಕೆ ಮುಂಚೆಯೂ ಬರುತ್ತಿದ್ದ, ಆಮೇಲೂ ವರ್ಷಗಟ್ಟಲೆ ಬಂದ. ಅಕ್ಕಯಮ್ಮನ ಮಾತು ಸರಸ್ವತಿಯ ಮನಸ್ಸಿನಲ್ಲಿ ಬೇರು ಬಿಟ್ಟದ್ದು ಆ ಮುಚ್ಚಿದ ಬಾಗಿಲಿನ ಮುಂದೆ. ಎಲ್ಲರ ಪ್ರಾಮಾಣಿಕತೆ ಅಳೆಯುವ ಅಪ್ಪ ಒಬ್ಬ ಶಾಸಕನ ಬಾಡಿಗೆ ಗಂಟಲೇ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು, ವಯಸ್ಸು ಮೂವತ್ತರ ಹತ್ತಿರ ಬಂತು, ಆ ಪ್ರಶ್ನೆ ಮಾತ್ರ ಬಾಯಿಗೆ ಬರಲಿಲ್ಲ. ದಿನವೂ ಅಪ್ಪನ ಎದುರು ಕೂತು ಊಟ ಮಾಡಿದಳು, ಅರ್ಧ ನಂಬಿಕೊಂಡು, ಅರ್ಧ ನಂಬದೆ.

* * *

"ತಂಗ್ಯಮ್ಮ, ಒಂದು ಮಾತು," ಎಂದು ಪಿಳ್ಳಣ್ಣ ಒಳಗೆ ಬಂದ. ಅವನು ಕರೆದದ್ದು ಸರಸ್ವತಿಯ ತಾಯಿ ರುದ್ರಮ್ಮನನ್ನು; ಅವರು ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. "ಯಜಮಾನ್ರು ಬರೆದದ್ದೆಲ್ಲ ಬುಕ್ ಮಾಡಿಸ್ಬೇಕು ಅಂತಿದೀನಿ. ಅವರ ಹಳೇ ಕಾಗದಪತ್ರ ಇದ್ರೆ ಇವತ್ತೇ ಕೊಟ್ಟುಬಿಡಿ. ಕಾರು ಹೇಗೂ ಇದೆ."

"ಹೆಣ ಎತ್ತೋ ಮುಂಚೇನೇನಾ?" ಎಂದಳು ಸರಸ್ವತಿ.

"ಆಮೇಲೆ ನೀವು ತಿಥಿ ಗಡಿಬಿಡೀಲಿ ಇರ್ತೀರ. ಎಲ್ಲಾದ್ರೂ ಕಳೆದುಹೋದ್ರೆ?"

ಅವಳಿಗೆ ಈಗ ತಿಳಿಯಿತು. ಇವನು ಬಂದದ್ದು ಹಾರ ಹಾಕಲಿಕ್ಕಲ್ಲ.

ಕೋಣೆಗೆ ಹೋಗಿ ಅಪ್ಪನ ಮಂಚದ ಕೆಳಗಿನ ಟ್ರಂಕು ಎಳೆದಳು. ಮೇಲೆ ಪತ್ರಿಕೆಯಿಂದ ಕತ್ತರಿಸಿಟ್ಟ ಅಂಕಣಗಳು, ಅದರ ಕೆಳಗೆ ದಾರ ಕಟ್ಟಿದ ಕಾರ್ಬನ್ ಪ್ರತಿಗಳು. ಕಾರ್ಬನ್ ಇಡದೆ ಅಪ್ಪ ಯಾರಿಗೂ ಒಂದು ಕಾಗದ ಬರೆದವರಲ್ಲ. ಒಂದು ಕಟ್ಟು ಬಿಚ್ಚಿದಳು. ಅಂಕಣವಲ್ಲ, ಸದನದಲ್ಲಿ ಮಾಡುವ ಭಾಷಣ. ದಪ್ಪ ಅಕ್ಷರ. ಕಷ್ಟದ ಪದಗಳನ್ನು ಮಗುವಿಗೆ ಕಲಿಸುವಂತೆ ಬಿಡಿಸಿ ಬರೆದಿತ್ತು. ಅಂಚಿನಲ್ಲಿ 'ಇಲ್ಲಿ ಉಸಿರು ತಗೊಳ್ಳಿ', 'ಇಲ್ಲಿ ಮಂತ್ರಿಗಳ ಕಡೆ ನೋಡಿ' ಎಂಬ ಸೂಚನೆಗಳು. ತಲೆಯ ಮೇಲೆ 'ಪಿಳ್ಳಣ್ಣನವರಿಗೆ' ಎಂದಿತ್ತು.

ಅವನು ಬಾಗಿಲಲ್ಲಿ ನಿಂತಿದ್ದ.

"ನಿಮ್ಮ ಭಾಷಣ ಎಲ್ಲ ಅಪ್ಪ ಬರೀತಿದ್ರಾ?"

ಪಿಳ್ಳಣ್ಣ ಕತ್ತು ತಗ್ಗಿಸಿದ. "ನಾನು ನಾಲ್ಕನೇ ಕ್ಲಾಸು ಕಣಮ್ಮ. ಮೊದಲನೇ ಸಲ ಗೆದ್ದಾಗ ಒಂದು ವರ್ಷ ಬಾಯಿ ಬಿಡದೆ ಕೂತಿದ್ದೆ. ನಮ್ಮ ಕ್ಷೇತ್ರದ ಸದಸ್ಯರು ಸದನದ ಪೀಠೋಪಕರಣ ಅಂತ ನಿಮ್ಮಪ್ಪ ಬರೆದುಬಿಟ್ರು. ಹುಡುಕ್ಕೊಂಡು ಬಂದು, ಬೈಯೋದು ಸುಲಭ ಸಾರ್, ಏನು ಮಾತಾಡ್ಲಿ ಹೇಳಿಕೊಡಿ ಅಂದೆ. ಕೂತ್ಕೊಳ್ಳಯ್ಯ ಅಂದ್ರು. ಒಂದು ಪೈಸೆ ಮುಟ್ಟಲಿಲ್ಲ. ಕಾಫಿ ಕೂಡ ಅವರದೇ."

"ಗ್ಯಾಲರೀಲಿ ಕೂಗಿದ್ದು?"

ಸರಸ್ವತಿ ಕಟ್ಟುಗಳ ಮೇಲಿನ ತಾರೀಖು ನೋಡುತ್ತ ಹೋಗಿ, ಭೂಸ್ವಾಧೀನ ಎಂದು ಬರೆದದ್ದನ್ನು ಎಳೆದಳು.

"ಏಳನೇ ಪುಟ ಓದಿ ಅಂತ ಕೂಗಿದ್ರು," ಎಂದ ಪಿಳ್ಳಣ್ಣ ಕೊನೆಗೆ. "ಆರಾದ ಮೇಲೆ ನಾನು ಎಂಟಕ್ಕೆ ಹೋಗ್ಬಿಟ್ಟೆ. ಎರಡು ಹಾಳೆ ಅಂಟಿಕೊಂಡಿತ್ತು. ಅವರಿಗೆ ತಡೆಯೋಕಾಗ್ಲಿಲ್ಲ."

"ಸುಳ್ಳು ಹೇಳಬೇಡಿ ಪಿಳ್ಳಣ್ಣ. ಹೊರಗೆ ಹೆಣ ಇದೆ."

ಮಾತು ರುದ್ರಮ್ಮನದು. ಗೋಡೆ ಹಿಡಿದುಕೊಂಡು ಬಂದು ಅವನ ಬೆನ್ನ ಹಿಂದೆ ನಿಂತಿದ್ದರು.

ಸರಸ್ವತಿ ಏಳನೇ ಪುಟ ಓದಿದಳು. ನೋಟಿಸು ಹೊರಡುವ ಮುಂಚೆಯೇ ಯಾವ ಹೊಲ ಹೋಗುತ್ತದೆಂದು ಕೆಲವರಿಗೆ ಹೇಗೆ ತಿಳಿಯುತ್ತದೆ? ಅವರು ಬಂದು ರೈತರನ್ನು ಹೆದರಿಸಿ ಅಗ್ಗಕ್ಕೆ ಬರೆಸಿಕೊಂಡದ್ದು ಸರ್ಕಾರಕ್ಕೆ ಗೊತ್ತಿದೆಯೇ? ಅವರ ಹೆಸರುಗಳನ್ನು ಸಭೆಯ ಮುಂದೆ ಇಡುತ್ತೀರಾ? ಮೂರೇ ಪ್ರಶ್ನೆಗಳು.

"ಕೊಂಡೋನು ಯಾರು?" ಎಂದಳು.

"ನನ್ನ ಭಾಮೈದ," ಎಂದ ಪಿಳ್ಳಣ್ಣ, ನೆಲ ನೋಡುತ್ತ. "ಓದಿದ್ರೆ ಮನೆಗೆ ಹೋಗೋ ಹಾಗಿರ್ಲಿಲ್ಲ. ಪಾರ್ಟಿ ಆಫೀಸಿಗೂ ಹೋಗೋ ಹಾಗಿರ್ಲಿಲ್ಲ."

"ಅವರಿಗೆ ಗೊತ್ತಿತ್ತು," ಎಂದರು ರುದ್ರಮ್ಮ. "ಗೊತ್ತಿದ್ದೇ ಬರೆದ್ರು. ಇವನು ಓದ್ತಾನೋ ಇಲ್ವೋ ನೋಡೋಣ ಕಣೇ ಅಂದಿದ್ರು ನನ್ನ ಹತ್ರ."

"ಓದ್ಲಿಲ್ಲ ಅಂತ ಗೊತ್ತಾದ ಮೇಲೂ ಯಾಕಮ್ಮ ಬರೆದುಕೊಟ್ರು?"

"ನಾನೂ ಜಗಳ ಆಡಿದೆ. ಒಂಬತ್ತು ಪುಟದಲ್ಲಿ ಎಂಟು ಓದಿದ್ನಲ್ಲೇ, ಮಿಕ್ಕೋರು ಅದನ್ನೂ ಓದಲ್ಲ ಅಂದ್ರು. ಆವತ್ತಿಂದ ಮುಖ್ಯವಾದ್ದನ್ನ ಮೊದಲನೇ ಪುಟಕ್ಕೇ ಹಾಕೋರು."

"ನನಗಾದ್ರೂ ಹೇಳಬಹುದಿತ್ತು."

"ಬರೆದದ್ದು ಅವರು ಅಂತ ಇಲಾಖೆಗೆ ಗೊತ್ತಾದ್ರೆ ಕೆಲಸ ಹೋಗ್ತಿತ್ತು. ನಿನಗೆ ಹೇಳಿದ್ರೆ ನೀನು ಸುಮ್ನೆ ಇರ್ತಿದ್ಯಾ?"

ಸರಸ್ವತಿಗೆ ಹನ್ನೆರಡು ವರ್ಷದ ಊಟಗಳು ಕಣ್ಣ ಮುಂದೆ ಬಂದವು. ಅನ್ನ ಕಲಸುತ್ತಿದ್ದ ಅಪ್ಪ ತಲೆ ಎತ್ತಿ ಅವಳ ಮುಖ ನೋಡಿ, ಏನೋ ಹೇಳಲು ಹೋಗಿ, ಮಜ್ಜಿಗೆ ಕೇಳುತ್ತಿದ್ದುದು. ಅಳು ಬರುವ ಮುಂಚೆ ಆಡಬೇಕಾದ್ದನ್ನು ಆಡಿಬಿಡಬೇಕೆಂದು ಎದ್ದು ನಿಂತಳು.

"ಕಾಗದ ಕೊಡಲ್ಲ ಸಾರ್. ಈ ಪುಟ ಈ ವಾರ ಚಕ್ರಪಾಣಿ ಮಾವನ ಪತ್ರಿಕೇಲಿ ಬರುತ್ತೆ. ಅಪ್ಪ ಆವತ್ತು ಏನು ಕೂಗಿದ್ರು, ಯಾರಿಗೆ ಕೂಗಿದ್ರು ಅಂತ ಈ ಬೀದಿಗೆ ಗೊತ್ತಾಗ್ಬೇಕು. ನೀವೇ ಹೇಳಿದ್ರೆ ನಿಮಗೇ ಮರ್ಯಾದೆ. ಹೇಳದಿದ್ರೆ ಓದಿ ತಿಳ್ಕೋತಾರೆ."

"ಹದಿನೆಂಟು ದಿನ ತಡೆಯಮ್ಮ. ಕೈಮುಗೀತೀನಿ."

"ಅಪ್ಪ ಹನ್ನೆರಡು ವರ್ಷ ತಡೆದಿದ್ದಾರೆ."

ಹೊರಗೆ ತಮಟೆಯವರು ಬಂದಿದ್ದರು. ಚಟ್ಟ ಸಿದ್ಧವಾಗಿತ್ತು. ಅಂಚೆ ಕಚೇರಿಯ ಹಳೆಯ ಸಂಗಾತಿಗಳು, ಬೀದಿಯವರು, ಅಕ್ಕಯಮ್ಮ, ಎಲ್ಲ ಸೇರಿ ಎಪ್ಪತ್ತು ಎಂಬತ್ತು ಜನ. ಚಕ್ರಪಾಣಿ ಕಣ್ಣೊರೆಸಿಕೊಂಡು, "ಎತ್ತೋ ಮುಂಚೆ ಯಾರಾದ್ರೂ ಎರಡು ಮಾತು ಹೇಳ್ರಪ್ಪ," ಎಂದರು.

"ಪಿಳ್ಳಣ್ಣನೋರು ಹೇಳ್ತಾರಂತೆ," ಎಂದಳು ಸರಸ್ವತಿ, ಬಾಗಿಲಲ್ಲಿ ನಿಂತು.

ಜನ ಅವನಿಗೆ ಜಾಗ ಬಿಟ್ಟರು. ಕ್ಯಾಮೆರಾದವನು ಚುರುಕಾದ. ಪಿಳ್ಳಣ್ಣ ಹೆಣದ ಮುಂದೆ ಬಂದು ನಿಂತು ಗಂಟಲು ಸರಿಮಾಡಿಕೊಂಡ. ಬಲಗೈ ತಾನಾಗಿ ಜುಬ್ಬಾದ ಜೇಬಿಗೆ ಹೋಯಿತು, ಒಳಗೆಲ್ಲ ತಡಕಾಡಿ ಬರಿದಾಗಿ ಹೊರಗೆ ಬಂತು.

"ಮಾನ್ಯ ಅಧ್ಯಕ್ಷರೇ," ಎಂದ.

ಯಾರೂ ನಗಲಿಲ್ಲ. ಬರೆದುಕೊಳ್ಳಲು ತೆಗೆದಿದ್ದ ಚಕ್ರಪಾಣಿಯವರ ಪೆನ್ಸಿಲು ಟಿಪ್ಪಣಿ ಪುಸ್ತಕದ ಮೇಲೆ ನಿಂತಿತ್ತು. ತಮಟೆಯವನು ಕಡ್ಡಿ ಎತ್ತಿ ಹಿಡಿದು ಕಾಯುತ್ತಿದ್ದ. ಪಿಳ್ಳಣ್ಣನ ಹಣೆಯ ಮೇಲೆ ಬೆವರು ಮೂಡಿ ಕೆನ್ನೆಗೆ ಇಳಿಯಿತು.

"ನಾನು... ಓದ್ಲಿಲ್ಲ. ಇವರು ಓದು ಅಂದ್ರು. ಅಷ್ಟೇ ಇವರು ಅಂದದ್ದು. ಬೇರೆ ಏನೂ ಅನ್ನಲಿಲ್ಲ."

"ಏನು ಓದ್ಲಿಲ್ಲ ಸಾರ್?" ಎಂದರು ಚಕ್ರಪಾಣಿ.

ಅವನು ಬಾಯಿ ತೆರೆದ. ಮಾತು ಬರಲಿಲ್ಲ. ಅಕ್ಕಯಮ್ಮ ಪಕ್ಕದವಳ ಕಿವಿಯಲ್ಲಿ, ಪಾಪ, ದುಃಖಕ್ಕೆ ನಾಲಗೆ ಹೊರಳ್ತಿಲ್ಲ ಎಂದರು. ಬೇಕೆಂದೇ ಅಷ್ಟಕ್ಕೆ ನಿಲ್ಲಿಸಿದನೋ, ಅವನ ಸ್ವಂತದ್ದೆಂದು ಇದ್ದದ್ದೇ ಅಷ್ಟು ಮಾತೋ, ಸರಸ್ವತಿಗೆ ಬಗೆಹರಿಯಲಿಲ್ಲ. ಸೆರಗಿನಲ್ಲಿ ಮಡಿಸಿಟ್ಟುಕೊಂಡಿದ್ದ ಏಳನೇ ಪುಟ ತೆಗೆದು ಚಕ್ರಪಾಣಿಯವರ ಕೈಗಿಟ್ಟಳು. ಆಮೇಲೆ ಅಪ್ಪನ ಪಾದದ ಮೇಲೆ ತಲೆಯಿಟ್ಟು, ಬೆಳಗಿನಿಂದ ಮೊದಲ ಸಲ, ದನಿ ತೆಗೆದು ಅತ್ತಳು.

ತಮಟೆ ಬಡಿಯಿತು. ಚಟ್ಟ ಎದ್ದು ಬೀದಿ ತಿರುಗಿತು. ಎಲ್ಲರಿಗಿಂತ ಹಿಂದೆ, ಕಾರನ್ನೂ ಹುಡುಗರನ್ನೂ ಬಿಟ್ಟು, ಪಿಳ್ಳಣ್ಣ ಬಿಸಿಲಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದ. ಅವನ ತುಟಿಗಳು ಅಲ್ಲಾಡುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಮೊದಲಿನಿಂದ ಅಲ್ಲಾಡುತ್ತಿದ್ದವು.